ಎಡದವ, ಬಲದವ

ಹುಡುಗಿ ಮೂರನೆಯ ಸಲ ಎತ್ತುಗಳ ಸುತ್ತ ತಿರುಗಿ ಬಂದು ನಿಂತಳು. ಇದರ ಮುಖ ನೋಡಿದಳು, ಅದರ ಮುಖ ನೋಡಿದಳು. ಕೊಂಬು, ಗೊರಸು, ಬಾಲದ ಕುಚ್ಚು, ಯಾವುದರಲ್ಲೂ ಕೂದಲೆಳೆಯಷ್ಟು ವ್ಯತ್ಯಾಸ ಸಿಗಲಿಲ್ಲ. ಬೇರೆ ದಿನವಾಗಿದ್ದರೆ ಹಂಪಣ್ಣನ ಎದೆ ಉಬ್ಬುತ್ತಿತ್ತು. ಮಾಗನೂರಿನಿಂದ ಮಕ್ತಲದವರೆಗೆ ಇಂಥ ಜೋಡಿ ಇನ್ನೊಂದಿಲ್ಲ ಎಂದು ಜನ ಬಂಡಿ ನಿಲ್ಲಿಸಿ ನೋಡುತ್ತಿದ್ದರು. ಇವತ್ತು ಅವನ ಕಣ್ಣು ಕಲ್ಯಾಣನ ಬೈಕಿಗೆ ಕಟ್ಟಿದ್ದ ಡಬ್ಬಿಯ ಮೇಲೇ ಇತ್ತು. ಅದರ ಮೂಲೆಯಿಂದ ನೀರು ತೊಟ್ಟಿಕ್ಕುತ್ತಿತ್ತು. ಒಳಗೆ ಗಂಟುರೋಗದ ಸೂಜಿಮದ್ದು. ಮಂಜುಗಡ್ಡೆ ಕರಗಿದರೆ ಮದ್ದು ಕೆಟ್ಟಂತೆ.

ಕಲ್ಯಾಣ ಊರೂರು ತಿರುಗಿ ದನಗಳಿಗೆ ಸೂಜಿ ಹಾಕುವವನು. ಹಿಂದಿನ ವಾರ ಬಂದಾಗ ಹಂಪಣ್ಣನ ಎರಡೂ ಎತ್ತುಗಳನ್ನು ಫೋನಿನಲ್ಲಿ ಬರೆದುಕೊಂಡು, ನೊಗದ ಎಡಕ್ಕೆ ಕಟ್ಟುವ ಎಡದವನಿಗೆ ಸೂಜಿ ಹಾಕಿ ಮುಗಿಸುವಷ್ಟರಲ್ಲಿ ಮದ್ದು ತೀರಿತ್ತು. ಬಲದವನಿಗೆ ಮುಂದಿನ ವಾರ ಎಂದು ಹೋಗಿದ್ದ. ಮಕ್ತಲದ ದಾರಿಯಲ್ಲಿ ಸಿಗ್ನಲ್ ಸಿಕ್ಕು, ಬರೆದದ್ದೆಲ್ಲ ಹೈದರಾಬಾದಿನ ಸರ್ವರಿಗೆ ಹೋಗಿ ತಿರುಗಿ ಬಂದಾಗ, ಎರಡು ಸಾಲು ಇದ್ದಲ್ಲಿ ಒಂದೇ ಉಳಿದಿತ್ತು. ಅದರ ಮುಂದೆ, ಸೂಜಿ ಆಯಿತು ಎನ್ನುವ ಹಸಿರು ಗುರುತು.

"ಆಗೇತಂತ ತೋರಸ್ತೈತ್ರಿ ತಾತ. ಲಿಸ್ಟಿನಾಗ ಇಲ್ಲದ ದನಕ್ಕ ಸೂಜಿ ಚುಚ್ಚಿದ್ರ ನನ್ನ ನೌಕರಿಗೇ ಚುಚ್ಚತಾರ," ಎಂದ ಕಲ್ಯಾಣ.

"ನಿನ್ನ ಕಣ್ಣಿಗೆ ಎಷ್ಟ್ ಕಾಣ್ತಾವಪಾ?"

"ಎರಡು."

"ಮತ್ತ?"

ಕಲ್ಯಾಣ ತಲೆ ಕೆರೆದುಕೊಂಡ. ಹಂಪಣ್ಣ ತಲೆಯ ರುಮಾಲು ಬಿಚ್ಚಿದ, ಮತ್ತೆ ಸುತ್ತಿದ. ಹಳ್ಳದಾಚೆಯ ಚಂದ್ರಯ್ಯನ ಕೊಟ್ಟಿಗೆಯಲ್ಲಿ ಎರಡು ದನ ಮೈತುಂಬ ಗಂಟೆದ್ದು ಮಲಗಿದ್ದವು. ನೊಣ ಅಲ್ಲಿಂದ ಇಲ್ಲಿಗೆ ಬರಲು ಯಾರ ಲಿಸ್ಟನ್ನೂ ಕೇಳುವುದಿಲ್ಲ.

ಹುಡುಗಿಯ ಹೆಸರು ಶಿವರಂಜನಿ. ಗದ್ವಾಲದವಳು. ಕಲ್ಯಾಣ ದನಗಳ ಲೆಕ್ಕ ಬರೆದುಕೊಳ್ಳುವ ಆ್ಯಪ್ ಮಾಡಿದವಳು ಅವಳೇ. ಕಲ್ಯಾಣ ಫೋನಿನಲ್ಲಿ ಗೋಳಾಡಿದ್ದಕ್ಕೆ ಬೆಳಿಗ್ಗೆಯೇ ಬಸ್ಸು ಹಿಡಿದು ಬಂದಿದ್ದಳು.

"ತಪ್ಪು ನಂದ್ರಿ ತಾತ," ಎಂದಳು. "ನಿಮ್ಮ ಎತ್ತಿನ ಬಿಳಿ, ಆ ಸುಣ್ಣದ ಗ್ವಾಡಿ ಬಿಳಿ, ಎರಡೂ ಒಂದ ಬಿಳಿ. ಇದು ಯಾವ ಬಿಳಿ ಅಂತ ಯಾರೂ ಕೇಳಂಗಿಲ್ಲ. ಬಣ್ಣಕ್ಕ ಅದು ನಡೀತೈತಿ. ನಾನು ಎತ್ತನ್ನೂ ಬಣ್ಣದಂಗ ಬರದೆ. ಮಾಲಕ ಒಬ್ಬ, ವಯಸ್ಸು ಒಂದ, ಕೊಂಬು ಒಂದ. ಎಲ್ಲಾ ಸಮ ಇದ್ರ ಎತ್ತೂ ಒಂದ ಅಂತ ತಿಳಕೊಂಡು ಸರ್ವರ್ ಒಂದನ್ನ ಅಳಿಸಿಬಿಡ್ತು."

"ಹಂಗಾದ್ರ ನಾಳೆ ಮುದಿಯಾಗಿ ಬಣ್ಣ ಮಾಸಿದ್ರ, ನನ್ನ ಎತ್ತು ಹೋಗಿ ಬ್ಯಾರೆ ಎತ್ತು ಬಂತೇನವ್ವ?"

ಶಿವರಂಜನಿ ಹತ್ತಿರದ ಎತ್ತಿನ ಬೆನ್ನ ಮೇಲೆ ಕೈಯಿಟ್ಟಳು. "ಇಲ್ರಿ. ಎಲ್ಲಾ ಬದಲಾದ್ರೂ ಅದ ಎತ್ತು. ಅದನ್ನ ನಾನು ಬರೀಬೇಕಿತ್ತು."

ಒಳಗಿನಿಂದ ಹಂಪಣ್ಣನ ಹೆಂಡತಿ ಅಮರಮ್ಮ ಮಜ್ಜಿಗೆ ತಂದಳು. "ನಲವತ್ತು ವರ್ಷ ಆತು, ನನ್ನ ಸೀರಿ ಬಣ್ಣ ಕೇಳಿದ್ರ ಹೇಳಾಕ ಬರಂಗಿಲ್ಲ ಇವರಿಗೆ. ಎತ್ತಿಂದು ಮಾತ್ರ ಉಸುರು ಕೇಳಿ ಹೇಳ್ತಾರ, ಎಡದವ, ಬಲದವ ಅಂತ!"

ಯಾರೂ ನಗಲಿಲ್ಲ. ಡಬ್ಬಿಯ ಕೆಳಗೆ ಮಣ್ಣು ಒದ್ದೆಯಾಗಿತ್ತು.

"ಎರಡಕ್ಕೂ ಬ್ಯಾರೆ ಬ್ಯಾರೆ ನಂಬರ್ ಕೊಡ್ತೀನಿ," ಎಂದಳು ಶಿವರಂಜನಿ. "ಇನ್ನ ಒಂದರಾಗ ಒಂದು ಕೂಡಂಗಿಲ್ಲ. ಆದ್ರ ನಂಬರ್ ಫೋನಿನಾಗ ಇದ್ರ ಸಾಲಂಗಿಲ್ರಿ. ನೀವು ಇಲ್ಲದ ದಿನ ಬಂದವ್ರಿಗೆ ಯಾವ ನಂಬರ್ ಯಾರದು ಅಂತ ಹೆಂಗ ತಿಳೀಬೇಕು?"

ಅವಳು ಚೀಲದಿಂದ ಹೊರತೆಗೆದದ್ದನ್ನು ನೋಡಿ ಹಂಪಣ್ಣ ಮುಖ ತಿರುಗಿಸಿದ. ನಂಬರ್ ಬರೆದ ಹಳದಿ ಬಿಲ್ಲೆಗಳು. ಎರಡು ವರ್ಷದ ಹಿಂದೆ ಇವನ್ನೇ ಕಿವಿಗೆ ಚುಚ್ಚಲು ಬಂದವರನ್ನು ಅವನು ಬಾಗಿಲಿಂದಲೇ ಕಳಿಸಿದ್ದ. ಜೋಡಿಯ ಕಿವಿಗಳು ಬಾಳೆಲೆಯ ಸುಳಿಯ ಹಾಗಿದ್ದವು. ಅವುಗಳಿಗೆ ತೂತು ಹಾಕುವುದೆಂದರೆ ಅವನ ಕಿವಿಯನ್ನೇ ಕೊಯ್ದಂತೆ.

ಎದ್ದು ಕೊಟ್ಟಿಗೆಯ ಬಾಗಿಲವರೆಗೆ ಹೋದ. ಹಳ್ಳದಾಚೆ ನೋಡಿದ. ತಿರುಗಿ ಬಂದು ಡಬ್ಬಿಯ ಮುಚ್ಚಳ ಎತ್ತಿದ. ಗೋಲಿಯಷ್ಟು ಮಂಜು ತೇಲುತ್ತಿತ್ತು.

"ಬಲದವನ ಮೂಗುದಾರ ನಾ ಹಿಡೀತೀನಿ," ಎಂದ. "ಲಗೂನ ಮುಗಸ್ರಿ."

ಕಿವಿಯಲ್ಲಿ ಬಿಲ್ಲೆ ಟಕ್ಕೆಂದು ಕೂತಾಗ ಎತ್ತು ಹೌಹಾರಿ ಹಿಂದೆ ಸರಿಯಿತು. ಹಂಪಣ್ಣ ಅದರ ಹಣೆಗೆ ಹಣೆ ಒತ್ತಿ ನಿಂತ. ಕಲ್ಯಾಣನ ಫೋನಿನಲ್ಲಿ ಶಿವರಂಜನಿ ಬಿಲ್ಲೆಯ ನಂಬರ್ ಒತ್ತಿದಳು. ಹೊಸ ಸಾಲು ಬಂದದ್ದನ್ನು ನೋಡಿ, ಕಲ್ಯಾಣ ಕುತ್ತಿಗೆಗೆ ಸೂಜಿ ಇಳಿಸಿದ. ಆಮೇಲೆ ಎಡದವನಿಗೂ ಬಿಲ್ಲೆ.

"ಇನ್ನ ಸಿಗ್ನಲ್‌ಗೆ ಹೋಗಿ ಕಳಸ್ಬೇಕ್ರಿ," ಎಂದು ಕಲ್ಯಾಣ ಬೈಕ್ ಹತ್ತಿದ.

"ಮತ್ತ ಒಂದ ಆಗಿ ಬಂತಂದ್ರ?"

"ಅಲ್ಲಿಂದನ ಕೈ ಎತ್ತಿ ತೋರಸ್ತೀನಿ ತಾತ, ಎಷ್ಟ್ ಸಾಲು ಅಂತ."

ಮಕ್ತಲದ ದಾರಿ ಬಿಟ್ಟರೆ ಊರಾಚೆ ನೀರಿನ ಟ್ಯಾಂಕಿನ ಮೆಟ್ಟಿಲ ಮೇಲೆ ಮಾತ್ರ ಸಿಗ್ನಲ್ ಸಿಗುತ್ತಿತ್ತು. ಹಂಪಣ್ಣ ಕೊಟ್ಟಿಗೆಯ ಮುಂದೆ ಬಿಸಿಲಿಗೆ ಹಣೆಗೆ ಕೈ ಅಡ್ಡ ಹಿಡಿದು ನಿಂತ. ಮೆಟ್ಟಿಲ ಮೇಲೆ ಸಣ್ಣ ಆಕಾರವೊಂದು ಏರಿ ನಿಂತಿತು. ತುಂಬ ಹೊತ್ತಿನ ಮೇಲೆ ಅದರ ಕೈ ಮೇಲೆದ್ದಿತು. ಬೆರಳು ಅವನ ಕಣ್ಣಿಗೆ ನಿಲುಕಲಿಲ್ಲ.

"ಎಷ್ಟವ್ವ?" ಎಂದು ಪಕ್ಕದಲ್ಲಿ ನಿಂತಿದ್ದ ಶಿವರಂಜನಿಯನ್ನು ಕೇಳಿದ.

"ಎರಡು, ತಾತ."

ಹಂಪಣ್ಣ ರುಮಾಲು ಬಿಚ್ಚಿ ಮುಖ ಒರೆಸಿಕೊಂಡ. ಒಳಗೆ ಬಲದವ ಕತ್ತು ಚಾಚಿ, ಎಡದವನ ಕಿವಿಯಲ್ಲಿ ಒಸರಿದ್ದ ರಕ್ತವನ್ನು ಹಳದಿ ಬಿಲ್ಲೆಯ ಸಮೇತ ನೆಕ್ಕುತ್ತಿದ್ದ.