ಇಲ್ಲ ಅನ್ನುವವರು ಹೊರಗೆ ಹೋದಾಗ

ಬಹಳ ಹಿಂದೇನಲ್ಲ, ಮೊನ್ನೆ ಮೊನ್ನೆ ಅನ್ನಬಹುದಾದಷ್ಟು ಹತ್ತಿರದ ಒಂದು ಕಾಲದಲ್ಲಿ, ಒಂದು ದೊಡ್ಡ ಊರಿನ ನಟ್ಟನಡುವೆ ಒಂದು ದೊಡ್ಡ ಮನೆ ಇತ್ತು. ಆ ಮನೆಯಲ್ಲಿ ಒಲೆ ಇರಲಿಲ್ಲ, ತೊಟ್ಟಿಲು ಇರಲಿಲ್ಲ. ಎದುರುಬದುರು ಹಾಕಿದ ಕುರ್ಚಿಗಳಿದ್ದವು. ಬಲಗಡೆ ಕೂತವರಿಗೆ ‘ಹೌದು’ ಅನ್ನುವ ಕೆಲಸ, ಎಡಗಡೆ ಕೂತವರಿಗೆ ‘ಇಲ್ಲ’ ಅನ್ನುವ ಕೆಲಸ. ಕೆಲವು ವರ್ಷಕ್ಕೊಮ್ಮೆ ಜನ ಇವರನ್ನು ಅಲ್ಲಿಗೆ, ಅವರನ್ನು ಇಲ್ಲಿಗೆ ಎತ್ತಿ ಕೂರಿಸಿದರೆ ಕುರ್ಚಿಯ ಜೊತೆಗೆ ಮಾತೂ ಬದಲಾಗುತ್ತಿತ್ತು. ಯಾವುದಕ್ಕೆ ಹೌದು, ಯಾವುದಕ್ಕೆ ಇಲ್ಲ ಎಂದು ಕೇಳುವ ರೂಢಿ ಎಂದೋ ಬಿಟ್ಟುಹೋಗಿತ್ತು.

ಆ ಮನೆಯ ಎಡಗಡೆಯ ಕೊನೆಯ ಸಾಲಿನಲ್ಲಿ, ಕಂಬದ ಮರೆಯ ಕುರ್ಚಿಯಲ್ಲಿ, ಒಬ್ಬ ಸಣ್ಣ ಆಳಿನ ಶಾಸಕಿ ನೆಲಕ್ಕೆ ಎಟುಕದ ಕಾಲುಗಳನ್ನು ಹೆಣೆದುಕೊಂಡು ತನ್ನ ಸರದಿಗೆ ಕಾಯುತ್ತಿದ್ದಳು. ಹುಟ್ಟಿದ ಮನೆಯಲ್ಲಿ ಅವಳನ್ನು ಗುಬ್ಬಿ ಎಂದು ಕರೆಯುತ್ತಿದ್ದರು. ಹೆಸರು ಹೇಗೋ ಹಾರಿಕೊಂಡು ಸದನಕ್ಕೂ ಬಂದಿತ್ತು. ಅಧಿವೇಶನದ ಕೊನೆಯ ಮಧ್ಯಾಹ್ನ ಅದು. ಅವಳು ತಂದ ಮಸೂದೆ ಇವತ್ತು ಪಾಸಾಗದಿದ್ದರೆ ಸತ್ತ ಹಾಗೆ. ಮುಂದೆ ಚುನಾವಣೆ, ಆಮೇಲೆ ಯಾರು ಎಲ್ಲಿ ಕೂರುತ್ತಾರೋ, ಯಾರು ಬೀದಿಯಲ್ಲಿ ನಿಲ್ಲುತ್ತಾರೋ.

ಮಸೂದೆ ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದು. ಅಂಗಡಿಯಲ್ಲಿ ದುಡಿಯುವವರಿಗೆ ಮಾಲೀಕರು ಕೂರಲು ಆಸನ ಕೊಡತಕ್ಕದ್ದು. ಗಿರಾಕಿ ಇಲ್ಲದಾಗ ಅವರು ಕೂತರೆ ಕೆಲಸದಿಂದ ತೆಗೆಯತಕ್ಕದ್ದಲ್ಲ. ಇಷ್ಟೇ. ಎರಡೂ ಕಡೆಯವರು ಅದಕ್ಕೆ ಸ್ಟೂಲು ಮಸೂದೆ ಎಂದು ಹೆಸರಿಟ್ಟು ನಕ್ಕಿದ್ದರು. ಸದನದಲ್ಲಿ ಎರಡೂ ಕಡೆಯವರು ಒಟ್ಟಿಗೆ ನಕ್ಕದ್ದು ಬಹುಶಃ ಅದೊಂದಕ್ಕೇ.

ಗುಬ್ಬಿಗೆ ನಗು ಬಂದಿರಲಿಲ್ಲ. ಅವಳ ಅತ್ತಿಗೆ ಬಟ್ಟೆ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದಳು. ಬೆಳಿಗ್ಗೆ ಬಾಗಿಲು ತೆಗೆದಾಗ ನಿಂತರೆ ದೀಪ ಆರಿಸುವವರೆಗೆ ನಿಂತೇ ಇರಬೇಕು. ಕೂತ ಹೆಂಗಸು ಕಂಡರೆ ವ್ಯಾಪಾರ ಮಲಗಿದೆ ಅಂತ ಬೀದಿಗೆಲ್ಲ ಗೊತ್ತಾಗುತ್ತದೆ ಎಂಬುದು ಮಾಲೀಕರ ನಂಬಿಕೆ. ಅಣ್ಣ ತೀರಿಕೊಂಡ ಮೇಲೆ ನಾದಿನಿಯನ್ನು ಓದಿಸಿದ್ದು ಆ ನಿಂತ ಕಾಲುಗಳೇ. ಈಗ ಅವುಗಳ ಮೇಲೆ ನೀಲಿ ನರಗಳು ಹಳೇ ಮರದ ಬೇರಿನ ಹಾಗೆ ಎದ್ದಿದ್ದವು.

ಚುನಾವಣೆ ಗೆದ್ದು ಬಂದ ಸಂಜೆ ಗುಬ್ಬಿ ಮನೆಗೆ ಹೋದಾಗ ಅತ್ತಿಗೆ ಬಿಸಿನೀರಿನ ಬಕೆಟ್ಟಿನಲ್ಲಿ ಕಾಲಿಟ್ಟುಕೊಂಡು ಕೂತಿದ್ದಳು.

“ಏನು ಬೇಕು ಕೇಳಿ ಅತ್ತಿಗೆ,” ಎಂದಿದ್ದಳು ಗುಬ್ಬಿ, ಕೊರಳಲ್ಲಿ ಇನ್ನೂ ಹಾರವಿತ್ತು.

“ನಿನ್ನ ಸರ್ಕಾರದ ಹತ್ರ ಒಂದು ಸ್ಟೂಲು ಸಿಗತ್ತೇನೇ?”

ತಮಾಷೆ ಮಾಡಿದ್ದು ಅತ್ತಿಗೆ. ಮಾತು ಕೊಟ್ಟುಬಿಟ್ಟದ್ದು ಗುಬ್ಬಿ. ಅದಾಗಿ ವರ್ಷಗಳೇ ಉರುಳಿದ್ದವು. ಮೊನ್ನೆಯಷ್ಟೇ ಅಂಗಡಿಯ ಮ್ಯಾನೇಜರು ಅತ್ತಿಗೆಯನ್ನು ಕರೆದು, “ಕಪಾಟಿಗೆ ಒರಗಿದ್ದು ಇನ್ನೊಂದ್ಸಲ ಕಂಡ್ರೆ, ಮನೆಗೆ ಹೋಗಿ ಒರಗಮ್ಮ,” ಎಂದಿದ್ದನಂತೆ. ಅತ್ತಿಗೆ ಅದನ್ನೂ ನಗುತ್ತಲೇ ಹೇಳಿದ್ದಳು. ಆ ನಗು ಗುಬ್ಬಿಯ ಎದೆಯಲ್ಲಿ ಮುಳ್ಳಾಗಿ ಕೂತಿತ್ತು.

ಅವಳ ಪಕ್ಷದ ಸಚೇತಕ ಬೆನ್ನು ಬಾಗಿಸಿಕೊಂಡು ಸಾಲಿನುದ್ದಕ್ಕೂ ಕಿವಿಗಳಲ್ಲಿ ಪಿಸುಗುಟ್ಟುತ್ತ ಬಂದ. ಯಾವಾಗ ಕೂಗಬೇಕು, ಯಾವಾಗ ಎದ್ದು ಹೋಗಬೇಕು ಎಂದು ತನ್ನ ಕಡೆಯವರನ್ನು ನಡೆಸುವುದು ಅವನ ಕೆಲಸ.

“ಗುಬ್ಬಮ್ಮಾ, ಇನ್ನೇನು ನಾಯಕರು ಪೇಪರ್ ಹರೀತಾರೆ. ಹರಿದ ತಕ್ಷಣ ಎಲ್ರೂ ಎದ್ದು ಹೊರಗೆ. ಸಭಾತ್ಯಾಗ.”

“ಯಾವ ವಿಷಯಕ್ಕಣ್ಣ?”

“ರಸ್ತೆ ಟೆಂಡರು... ಅಲ್ಲ, ಅದು ನಿನ್ನೆ. ಇವತ್ತು ಬೇರೆ ಏನೋ ಇದೆ. ಹೊರಗೆ ಹೋದ್ಮೇಲೆ ಹೇಳ್ತಾರೆ.”

“ಮುಂದಿನದು ನನ್ನ ಮಸೂದೆ. ನಾನಿಲ್ದಿದ್ರೆ ಬಿದ್ದು ಹೋಗತ್ತೆ.”

“ಇದ್ರೂ ಬೀಳೋದೇ ಅಲ್ವೇನಮ್ಮ? ಮಂತ್ರಿ ಪರಿಶೀಲಿಸ್ತೀವಿ ಅಂತಾನೆ, ನೀನು ವಾಪಸ್ ತಗೋತೀಯ. ಯಾವತ್ತು ನಮ್ಮ ಮಸೂದೆ ಪಾಸಾಗಿದೆ ಹೇಳು?” ಸಚೇತಕ ದನಿ ಇನ್ನೂ ತಗ್ಗಿಸಿದ. “ಮೇಲೆ ಕ್ಯಾಮೆರಾ ಇದೆ. ಒಂದೇ ಒಂದು ಕುರ್ಚಿ ತುಂಬಿದ್ರೂ ಕಾಣತ್ತೆ. ಟಿಕೆಟ್ ಬೇಕೋ ಬೇಡ್ವೋ ನಿಂಗೆ?”

ಉತ್ತರಕ್ಕೆ ಕಾಯದೆ ಅವನು ಮುಂದಿನ ಕಿವಿಗೆ ಹೋದ. ಮುಂದಿನ ಸಾಲಿನಲ್ಲಿ ಪೇಪರ್ ಹರಿದ ಸದ್ದಾಯಿತು. ಎಡಗಡೆಯವರೆಲ್ಲ ಒಮ್ಮೆಗೇ ಎದ್ದರು, ಕಲ್ಲು ಬಿದ್ದ ಅಂಗಳದಿಂದ ಹಕ್ಕಿಗಳು ಏಳುವ ಹಾಗೆ. ರೂಢಿಯ ಕಾಲುಗಳು, ಗುಬ್ಬಿಯವೂ ಆಗಲೇ ನೆಲಕ್ಕಿಳಿದಿದ್ದವು. ಪಕ್ಕದ ಕುರ್ಚಿಯ ಶಾಸಕಿ ಅವಳ ತೋಳು ಹಿಡಿದು, “ಏಳೇ, ಬಾಗಿಲಲ್ಲಿ ನೂಕುನುಗ್ಗಲಾಗತ್ತೆ,” ಎಂದಳು. ಗುಬ್ಬಿ ಇಳಿದ ಕಾಲುಗಳನ್ನು ಮತ್ತೆ ಮೇಲಕ್ಕೆಳೆದುಕೊಂಡು ಕುರ್ಚಿಯ ಕೈಗಳನ್ನು ಭದ್ರವಾಗಿ ಹಿಡಿದಳು. ತೋಳು ಹಿಡಿದ ಕೈ ಇನ್ನೊಮ್ಮೆ ಎಳೆದು ನೋಡಿ ಬಿಟ್ಟುಬಿಟ್ಟಿತು.

ಬಾಗಿಲು ಮುಚ್ಚಿತು. ಎಡಗಡೆಯಿಡೀ ಖಾಲಿ. ಬಲಗಡೆಯಿಂದ ಯಾರೋ, “ಗುಬ್ಬಿ ಗೂಡು ಬಿಟ್ಟಿಲ್ಲ ನೋಡ್ರೋ,” ಎಂದರು. ಇನ್ನೊಬ್ಬರು, “ಈ ಕಡೆ ಬಂದ್ಬಿಡಮ್ಮ, ಇಲ್ಲಿ ಗಾಳಿ ಚೆನ್ನಾಗಿದೆ,” ಎಂದರು.

“ಗಾಳಿ ನೋಡಿ ಕೂರೋದು ನಿಮಗೆ ಅಭ್ಯಾಸ ಅಣ್ಣ. ನಾನು ಇಲ್ಲೇ ಇರ್ತೀನಿ.”

ಸಭಾಧ್ಯಕ್ಷರು ಅವಳ ಹೆಸರು ಕರೆದರು. ಗುಬ್ಬಿ ಮಾತಾಡಿದಳು. ಕೇಳಿದವರು ಕಡಿಮೆ. ಒಬ್ಬರು ಪೆಪ್ಪರ್‌ಮಿಂಟ್ ಸುಲಿಯುತ್ತಿದ್ದರು, ಒಬ್ಬರು ಫೋನಿನಲ್ಲಿ ಮೊಮ್ಮಗುವಿನ ಚಿತ್ರ ತೋರಿಸುತ್ತಿದ್ದರು, ಹಿಂದಿನ ಸಾಲಿನ ಹಿರಿಯರೊಬ್ಬರ ಗದ್ದ ಎದೆಗೆ ತಗುಲಿತ್ತು. ಅವಳು ನರಗಳ ಬಗ್ಗೆ, ಊದಿದ ಪಾದಗಳ ಬಗ್ಗೆ, ಕದ್ದು ಒರಗುವುದರ ಬಗ್ಗೆ ಹೇಳಿ ಕೂತಳು. ಕಾರ್ಮಿಕ ಮಂತ್ರಿ ಎದ್ದರು.

“ಮಾನ್ಯ ಸದಸ್ಯೆಯವರ ಕಳಕಳಿ ಮೆಚ್ಚತಕ್ಕದ್ದು. ಸರ್ಕಾರ ಈ ವಿಷಯವನ್ನು ಪರಿಶೀಲಿಸುತ್ತದೆ. ಆದ್ದರಿಂದ ಮಸೂದೆಯನ್ನು ಹಿಂತೆಗೆದುಕೊಳ್ಳಬೇಕೆಂದು ಕೋರುತ್ತೇನೆ.”

ಆ ಮನೆಯ ಮರ್ಯಾದೆ ಅದು. ಮಂತ್ರಿ ಕೋರುವುದು, ಸದಸ್ಯರು ಹಿಂತೆಗೆದುಕೊಳ್ಳುವುದು. ಊಟಕ್ಕೆ ಕೂತವರು ಬಡಿಸಲು ಬಂದವರಿಗೆ ‘ಸಾಕು ಸಾಕು’ ಅನ್ನುವ ಹಾಗೆ. ಸಭಾಧ್ಯಕ್ಷರು ಆಗಲೇ ಕನ್ನಡಕ ತೆಗೆದು ಡಬ್ಬಿಯಲ್ಲಿಡುತ್ತಿದ್ದರು.

“ಮಾನ್ಯ ಸದಸ್ಯೆ ಹಿಂತೆಗೆದುಕೊಂಡಿದ್ದಾರೆ...”

“ಇಲ್ಲ.”

ಎಡಗಡೆಯವರ ನಾಲಿಗೆಯ ಮೇಲೆ ಉರುಳಿ ಉರುಳಿ ನುಣುಪಾಗಿಹೋಗಿದ್ದ ಆ ಪದ, ಒಬ್ಬಳೇ ಹೆಂಗಸಿನ ಬಾಯಿಂದ ಮೆಲ್ಲಗೆ ಬಂದಾಗ ಹೊಸದಾಗಿ ಕೇಳಿಸಿತು. ಸಭಾಧ್ಯಕ್ಷರ ಕೈ ಡಬ್ಬಿಯ ಮೇಲೇ ನಿಂತಿತು.

“ಇಲ್ಲ ಅಂದ್ರೆ?”

“ಹಿಂತೆಗೆದುಕೊಳ್ಳಲ್ಲ ಅಧ್ಯಕ್ಷರೇ. ಮತಕ್ಕೆ ಹಾಕಿ.”

“ಮತಕ್ಕೆ ಹಾಕಿದ್ರೆ ಬೀಳತ್ತಲ್ಲಮ್ಮ.” ಅವರ ದನಿಯಲ್ಲಿ ಕೊಂಕಿರಲಿಲ್ಲ. ಮನೆಯ ಹಿರಿಯರು ಮಳೆಗೆ ಹೊರಟವಳಿಗೆ ಛತ್ರಿ ನೆನಪಿಸುವ ಹಾಗಿತ್ತು.

“ಬೀಳಲಿ. ಬಿದ್ದದ್ದನ್ನ ಕಣ್ಣಾರೆ ನೋಡ್ಕೊಂಡು ಮನೆಗೆ ಹೋಗ್ತೀನಿ.”

ಸಭಾಧ್ಯಕ್ಷರು ಕನ್ನಡಕ ಮತ್ತೆ ಏರಿಸಿಕೊಂಡರು. “ಮಸೂದೆಯನ್ನು ಅಂಗೀಕರಿಸಬೇಕೆಂಬುದು ಸಭೆಯ ಮುಂದಿರುವ ಪ್ರಶ್ನೆ. ಪರವಾಗಿರುವವರು ‘ಹೌದು’ ಎನ್ನಿ.”

ಈ ವಾಕ್ಯಕ್ಕೊಂದು ರಾಗವಿತ್ತು. ಅಧಿವೇಶನವಿಡೀ ಎಡಗಡೆ ಖಾಲಿಯಾದ ಮೇಲೆ ಸರ್ಕಾರದ ಮಸೂದೆಗಳು ಒಂದರ ಹಿಂದೊಂದು ಈ ರಾಗದಲ್ಲೇ ಬಂದಿದ್ದವು. ರಾಗ ಮುಗಿದಲ್ಲಿ ಬಲಗಡೆಯ ಬಾಯಿಗಳು ತಾವಾಗಿ ತೆರೆದುಕೊಂಡಿದ್ದವು. ಈಗಲೂ ತೆರೆದುಕೊಂಡವು. ಪೆಪ್ಪರ್‌ಮಿಂಟಿನ ಬಾಯಿ, ಮೊಮ್ಮಗುವಿನ ತಾತನ ಬಾಯಿ, ನಿದ್ದೆಯ ಬಾಯಿ, ಎಲ್ಲವೂ.

“ಹೌದು,” ಎಂದಿತು ಬಲಗಡೆ, ಕಿಟಕಿಯ ಗಾಜು ಅದುರುವಂತೆ.

ಗುಬ್ಬಿಯ ‘ಹೌದು’ ಅದರಲ್ಲಿ ಮುಳುಗಿಹೋಯಿತು.

“ವಿರೋಧವಾಗಿರುವವರು ‘ಇಲ್ಲ’ ಎನ್ನಿ.”

ಯಾರೂ ಅನ್ನಲಿಲ್ಲ. ಅನ್ನುವ ಕೆಲಸದವರೆಲ್ಲ ಹೊರಗಿನ ಮೊಗಸಾಲೆಯಲ್ಲಿ ಕಾಫಿ ಲೋಟ ಹಿಡಿದು ಟಿವಿಯವರ ಮುಂದೆ ಘೋಷಣೆ ಕೂಗುತ್ತಿದ್ದರು. ದಪ್ಪ ಬಾಗಿಲಿನಾಚೆಯಿಂದ ಅದು ಸಣ್ಣಗೆ ಕೇಳಿಸುತ್ತಿತ್ತು. ಬಾಗಿಲಾಚೆಯ ಮಾತು ಸದನದ ಲೆಕ್ಕಕ್ಕಿಲ್ಲ. ಸಭಾಧ್ಯಕ್ಷರು ಕಾದರು. ಕಾಯಬೇಕಾದ್ದಕ್ಕಿಂತ ತುಸು ಹೆಚ್ಚೇ ಕಾದರು, ಮಂತ್ರಿಯ ಕಡೆ ನೋಡುತ್ತ.

“ಹೌದು ಎಂದವರು ಗೆದ್ದಿದ್ದಾರೆ. ಮಸೂದೆ ಅಂಗೀಕಾರವಾಗಿದೆ.”

ಆಗ ಬಲಗಡೆಯ ಸಚೇತಕ ದಡಬಡನೆ ಮಂತ್ರಿಯ ಬಳಿಗೆ ಬಂದ. ಮಂತ್ರಿಯ ಮೈಕು ಇನ್ನೂ ಆರಿರಲಿಲ್ಲ. ಇಬ್ಬರ ಪಿಸುಮಾತು ಗೋಡೆಗೋಡೆಯ ಸ್ಪೀಕರಿನಿಂದ ಹೊರಬಿತ್ತು.

“ಅಣ್ಣಾ, ನಾವು ಇಲ್ಲ ಅನ್ನಬೇಕಿತ್ತು.”

“ಈಗ ಹೇಳ್ತೀಯಲ್ಲ ಮಾರಾಯ.”

“ಎದ್ದು ನಿಂತು ಲೆಕ್ಕ ಹಾಕಿ ಅಂತ ಕೇಳಿ. ಒಬ್ಬೊಬ್ರನ್ನೂ ಎಣಿಸಿದ್ರೆ ಬಿದ್ದೇ ಬೀಳತ್ತೆ.”

ಮಂತ್ರಿ ಎದುರಿನ ಖಾಲಿ ಸಾಲುಗಳನ್ನೂ, ಕಂಬದ ಮರೆಯ ಒಂದೇ ತಲೆಯನ್ನೂ, ಮೇಲಿನ ಕ್ಯಾಮೆರಾವನ್ನೂ ನೋಡಿದರು.

“ಎದ್ದು ಏನಂತ ಹೇಳ್ಲಿ? ಇಷ್ಟು ಜನ ಇದ್ದೂ ನಮಗೆ ಹೌದು ಯಾವುದು ಇಲ್ಲ ಯಾವುದು ಗೊತ್ತಾಗಲಿಲ್ಲ ಅಂತ್ಲೇ? ಕೂತ್ಕೊಳಯ್ಯ. ನಾವೇ ಮಾಡಿದ್ದು ಅಂತ ಹೇಳಿದ್ರಾಯ್ತು.”

ಹಾಗೇ ಹೇಳಿದರು. ಬೆಳಗಾಗುವುದರೊಳಗೆ ಊರಿನ ಗೋಡೆಗಳ ಮೇಲೆ, ದುಡಿಯುವ ತಾಯಂದಿರಿಗೆ ಆಸನ ಕೊಟ್ಟ ಮಂತ್ರಿಯ ನಗುಮುಖ ಅಂಟಿಕೊಂಡಿತ್ತು. ಗುಬ್ಬಿಯನ್ನು ಅವಳ ಪಕ್ಷದ ಸಚೇತಕ ಮೆಟ್ಟಿಲಲ್ಲಿ ತಡೆದು ನಿಲ್ಲಿಸಿದ. “ನಾವೆಲ್ಲ ಹೊರಗೆ ಗಂಟಲು ಹರ್ಕೋತಿದ್ರೆ, ನೀನು ಒಳಗೆ ಕೂತು ಕಾನೂನು ಮಾಡ್ತಿದ್ಯಾ?”

“ಅದಕ್ಕೇ ಅಂತಲ್ವಾ ಅಣ್ಣ ಜನ ಕಳಿಸಿದ್ದು?”

“ಈ ಮಾತು ಮುಂದಿನ ಸಲ ಮನೇಲಿ ಕೂತು ಆಡು.”

ಮುಂದಿನ ಸಲ ಅವಳ ಟಿಕೆಟ್ಟು ಸಚೇತಕನ ಅಳಿಯನಿಗೆ ಹೋಯಿತು. ಆತ ಗೆದ್ದ. ಗುಬ್ಬಿ ಶಾಸಕರ ವಸತಿಯ ಕೋಣೆ ಖಾಲಿ ಮಾಡಿ, ಹಾಸಿಗೆ ಸುತ್ತಿಕೊಂಡು ಅತ್ತಿಗೆಯ ಮನೆಗೆ ಬಂದಳು. ಕಾನೂನಿಗೆ ಸಹಿ ಬಿದ್ದು, ನಿಯಮಗಳಾಗಿ, ಅಂಗಡಿ ಅಂಗಡಿಗೂ ತಲುಪುವ ಹೊತ್ತಿಗೆ ಅವಳು ಯಾರೂ ಆಗಿರಲಿಲ್ಲ.

ಒಂದು ದಿನ ಅವಳು ಬಟ್ಟೆ ಅಂಗಡಿಯ ಮೆಟ್ಟಿಲು ಹತ್ತಿದಳು. ಸ್ಟೂಲುಗಳು ಅಂದು ಬೆಳಿಗ್ಗೆ ಬಂದಿದ್ದವು, ಒಂದೊಂದಕ್ಕೂ ಪ್ಲಾಸ್ಟಿಕ್ ಹಾಳೆ ಸುತ್ತಿದ್ದು ಹಾಗೇ ಇತ್ತು. ಗಿರಾಕಿಗಳಿಲ್ಲದ ಮಧ್ಯಾಹ್ನ. ಕೆಲಸದ ಹೆಂಗಸರೆಲ್ಲ ತಂತಮ್ಮ ಸ್ಟೂಲಿನ ಪಕ್ಕದಲ್ಲಿ, ಬೇರೆಯವರ ಮಗುವನ್ನು ಕಾಯುವವರಂತೆ ನಿಂತಿದ್ದರು.

“ಕೂತ್ಕೊಳಿ ಅಂತ ಹೇಳಿದೀನಿ ಮೇಡಂ,” ಎಂದ ಮ್ಯಾನೇಜರು, ಕೇಳುವ ಮೊದಲೇ. “ಇವರೇ ಕೂರಲ್ಲ. ನಾನೇನು ಹಿಡಿದು ಕೂರಿಸ್ಲಾ?”

ಗುಬ್ಬಿ ಅತ್ತಿಗೆಯ ಮುಂದೆ ಹೋಗಿ ನಿಂತಳು. “ಯಾಕತ್ತಿಗೆ?”

“ಎಲ್ರೂ ನಿಂತಿದಾರೆ. ನಾನೊಬ್ಳೇ ಹೇಗೆ ಕೂರ್ಲಿ?” ಅತ್ತಿಗೆ ಮಡಿಸಿದ್ದ ಬಟ್ಟೆಯನ್ನೇ ಬಿಚ್ಚಿ ಮತ್ತೆ ಮಡಿಸಿದಳು. “ಅಲ್ದೆ ಗಿರಾಕಿ ಇದ್ದಾಗ ಕೂರೋ ಹಾಗಿಲ್ಲ ಅಂತ ನೀನೇ ಬರ್ದಿದೀಯ. ಈಗ ನೀನು ಬಂದಿದೀಯಲ್ಲ.”

“ನಾನು ಗಿರಾಕಿ ಅಲ್ಲ. ಏನೂ ತಗೋಳಲ್ಲ.”

“ಖಂಡಿತ?”

“ಕೆಲಸ ಇಲ್ದವಳು ಏನು ತಗೊಳ್ಲಿ ಅತ್ತಿಗೆ?”

ಅತ್ತಿಗೆ ಮಡಿಸಿದ ಬಟ್ಟೆಯನ್ನು ಪಕ್ಕಕ್ಕಿಟ್ಟಳು. ಆಮೇಲೆ ಒಂದು ಕೈಯಲ್ಲಿ ಮೇಜಿನ ಅಂಚು ಹಿಡಿದು, ತಣ್ಣೀರಿಗೆ ಇಳಿಯುವವರ ಹಾಗೆ ಅಷ್ಟಷ್ಟೇ ತಗ್ಗುತ್ತ, ಕೂತಳು. ಕೆಳಗಿನ ಪ್ಲಾಸ್ಟಿಕ್ ಹಾಳೆ ಸರಸರ ಎಂದಿತು. ಚಪ್ಪಲಿಯಿಂದ ಪಾದಗಳು ಹೊರಬಂದವು. ಅವಳು ಕಣ್ಣು ಮುಚ್ಚಿಕೊಂಡಳು.

ಕಪಾಟಿನ ಆಚೆಯಿಂದ ಇನ್ನೊಂದು ಹಾಳೆ ಸರಸರ ಎಂದಿತು. ಮೂಲೆಯಿಂದ ಮತ್ತೊಂದು.