ಡೇಸಿಯ ನಾಲ್ಕನೆಯ ಅರ್ಥ

ಯಾರು ಇಟ್ಟದ್ದು ಎಂದು ಅವಳು ಕೇಳಿದ್ದೇ ತಡ, ನಿಘಂಟು ಕಚೇರಿಯ ಐದೂ ಜನ ತಂತಮ್ಮ ಕಂಪ್ಯೂಟರಿನೊಳಗೆ ಮುಖ ಹುದುಗಿಸಿದರು. ಅವಳ ಮೇಜಿನ ಮೇಲೆ, ಕಾಗದ ಸುತ್ತಿದ ಬಿಳಿ ಡೇಸಿ ಹೂಗಳ ಗೊಂಚಲು. ಜೊತೆಗೊಂದು ಚೀಟಿ: ‘ಮುಗ್ಧತೆ. ಹೊಸ ಆರಂಭ.’

ಅವಳಿಗೆ ಮೈಯೆಲ್ಲ ಉರಿಯಿತು. ಆ ಅರ್ಥಗಳನ್ನು ಬರೆದವಳು ಅವಳೇ. ರಜೆಯ ಮೇಲೆ ಹೋಗುವ ಮುಂಚೆ ಅವಳ ಪಾಲಿಗೆ ‘ಡ’ ಅಕ್ಷರ ಬಂದಿತ್ತು. ಹೂಗಳ ಭಾಷೆಯಲ್ಲಿ ಡೇಸಿಗೆ ನಾಲ್ಕು ಅರ್ಥ ಕೊಟ್ಟಿದ್ದಳು. ಮೂರನೆಯದು, ನಿನ್ನ ಗುಟ್ಟನ್ನು ಯಾರಿಗೂ ಹೇಳುವುದಿಲ್ಲ ಎಂಬ ಮಾತು. ನಾಲ್ಕನೆಯದು, ಆಗಷ್ಟೇ ಹೆತ್ತವಳಿಗೆ ಹೇಳುವ ಶುಭಾಶಯ. ಇವರು ಮೊದಲೆರಡನ್ನು ಓದಿ ಹೂವಿನಂಗಡಿಗೆ ಓಡಿದ್ದರು. ಊರಿಗೆಲ್ಲ ಅರ್ಥ ಹೇಳುವ ಜನಕ್ಕೆ ನಾಲ್ಕು ಸಾಲನ್ನು ಕೊನೆಯವರೆಗೆ ಓದುವ ವ್ಯವಧಾನವಿರಲಿಲ್ಲ.

ಏಳು ವಾರದ ಹಿಂದೆ ಅವಳು ಒಂದು ಮಗುವನ್ನು ಹೆತ್ತಿದ್ದಳು. ಹೊಟ್ಟೆಯಲ್ಲೇ ತೀರಿಹೋಗಿದ್ದ ಮಗು. ದಾದಿ ಐದು ನಿಮಿಷ ಕೈಗೆ ಕೊಟ್ಟು ವಾಪಸ್ಸು ತೆಗೆದುಕೊಂಡಿದ್ದಳು.

ಪ್ರಧಾನ ಸಂಪಾದಕರು ತಾವಾಗಿಯೇ ಎದ್ದು ಬಂದರು. ಯಾವ ಮಾತನ್ನೂ ಮುಂದುವರಿಯಲು ಬಿಡದ ಅವರಿಗೆ ಕಚೇರಿ ಇಟ್ಟ ಹೆಸರು ಪೂರ್ಣವಿರಾಮ.

“ಬಂದ್ರಲ್ಲ, ಒಳ್ಳೇದಾಯ್ತು. ಕೆಲ್ಸದಲ್ಲಿ ಬಿದ್ರೆ ಆ ವಿಷಯ ತಾನಾಗೇ...”

“ಯಾವ ವಿಷಯ ಸರ್?”

ಅವರು ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿದರು. ಎಂಬತ್ತು ಸಾವಿರ ಪದಗಳ ಯಜಮಾನರು ಒಂದು ಪದಕ್ಕಾಗಿ ತಡಕಾಡುತ್ತಿದ್ದರು.

“ಅದೇ... ನಿಮ್ಮ ಅನಾರೋಗ್ಯ.”

ಅನಾರೋಗ್ಯವಂತೆ! ಈ ಅರ್ಥದಲ್ಲಿ ಹಿಂದೆ ಯಾರಾದರೂ ಬಳಸಿದ್ದಾರೆಯೇ, ಆಧಾರ ಕೊಡಿ ಸರ್ ಎಂದು ಕೇಳಬೇಕೆನಿಸಿತು. ಅವರು ಆಗಲೇ ತಮ್ಮ ಕೋಣೆ ಸೇರಿದ್ದರು.

ಮಧ್ಯಾಹ್ನ ಕರಡು ತಿದ್ದುವ ಅಕ್ಕ ಚಹಾ ತಂದಿಟ್ಟಳು.

“ಹೂವು ಎಷ್ಟು ಚೆನ್ನಾಗಿದೆ ಅಲ್ವಾ? ನೋಡಿದ್ರೇ ಮನಸ್ಸು ಹಗುರಾಗುತ್ತೆ.”

“ಅಕ್ಕಾ, ನನ್ನ ಮಗು...”

“ಅಯ್ಯೋ, ಅದನ್ನೆಲ್ಲ ಈಗ್ಯಾಕೆ ಎತ್ತೋದು? ಮರೆತುಬಿಡು, ತಾಯಿ. ಚಹಾ ಆರಿಹೋಗುತ್ತೆ.”

ಡೇಸಿ ಒಂದು ಹೂವಲ್ಲ, ನೂರಾರು ಪುಟ್ಟ ಹೂಗಳು ಗುಂಪುಗೂಡಿ ಒಂದೇ ಹೂವಿನಂತೆ ನಟಿಸುತ್ತವೆ ಎಂದು ಅವಳು ಬರೆದಿದ್ದಳು. ಪೂರ್ಣವಿರಾಮ ‘ನಟಿಸುತ್ತವೆ’ಯನ್ನು ಹೊಡೆದು ‘ಕಾಣುತ್ತವೆ’ ಮಾಡಿದ್ದರು. ಬೆನ್ನು ತೋರಿಸಿ ಕೂತ ಐವರನ್ನೂ ನೋಡಿದಾಗ ತನ್ನ ಪದವೇ ಸರಿಯಾಗಿತ್ತು ಎನಿಸಿತು.

ನಾಲ್ಕು ಗಂಟೆಗೆ ಗಂಡನ ಫೋನು.

“ಹೇಗಿತ್ತು ಮೊದಲನೇ ದಿನ?”

“ಹೂವು ಕೊಟ್ರು.”

“ಪಾಪ, ಒಳ್ಳೇ ಜನ.”

“ಗಂಡಾ ಹೆಣ್ಣಾ ಅಂತ ಒಬ್ರೂ ಕೇಳ್ಲಿಲ್ಲ ಕಣೋ. ಏಳು ವಾರ ಆಯ್ತು. ನಿಮ್ಮಮ್ಮನೂ ಕೇಳ್ಲಿಲ್ಲ.”

ಆ ಕಡೆ ಯಾರೋ ಕುರ್ಚಿ ಎಳೆದ ಸದ್ದು ಕೇಳಿಸಿತು.

“ಬರ್ತಾ ಹಾಲು ತಗೊಂಡು ಬಾ,” ಎಂದ.

ಹೂಗಳನ್ನು ಕಸದ ಬುಟ್ಟಿಗೆ ತುರುಕಿ ಹೋಗಬೇಕೆಂದಿದ್ದಳು. ಹೊರಡುವಾಗ ಐವರೂ ತಲೆಯೆತ್ತಿ ನೋಡುತ್ತಿದ್ದರು. ಹಾಳಾಗಿ ಹೋಗಲಿ ಎಂದುಕೊಂಡು ಗೊಂಚಲನ್ನು ಎತ್ತಿಕೊಂಡು ಬಸ್ಸು ಹತ್ತಿದಳು.

ಪಕ್ಕದಲ್ಲಿ ತರಕಾರಿ ಚೀಲ ಹೊತ್ತ ದಪ್ಪ ಹೆಂಗಸು. ಎರಡು ನಿಲ್ದಾಣದವರೆಗೆ ಹೂಗಳನ್ನೇ ನೋಡುತ್ತಿದ್ದು, ಆಮೇಲೆ ತಡೆಯಲಾರದೆ ಕೇಳಿದಳು.

“ಹೆರಿಗೆ ಆಸ್ಪತ್ರೆಗಾ? ಈ ಬಸ್ಸು ಅದರ ಬಾಗಿಲಿಗೇ ಹೋಗುತ್ತೆ. ಬಾಣಂತಿ ನೋಡೋಕಾ?”

ಅಲ್ಲ ಎನ್ನುವಷ್ಟು ತ್ರಾಣ ಅವಳಲ್ಲಿ ಉಳಿದಿರಲಿಲ್ಲ. “ಹೂಂ,” ಎಂದಳು.

“ಏನು ಮಗು?”

“ಹೆಣ್ಣು.”

“ಯಾರ ಹಾಗಿದೆ?”

“ಮೂಗು ಅಪ್ಪಂದು. ತಲೆ ತುಂಬಾ ಕೂದಲು.” ಅವಳ ಧ್ವನಿ ಅವಳಿಗೇ ಹೊಸದಾಗಿ ಕೇಳಿಸಿತು. ಖುಷಿಯಾಗುತ್ತಿತ್ತು, ನಾಚಿಕೆಗೆಟ್ಟ ಖುಷಿ. “ಬೆರಳು ಮಾತ್ರ ಉದ್ದ. ಇಷ್ಟುದ್ದ.”

“ಅಳುತ್ತಾ ತುಂಬಾ?”

“ಇಲ್ಲ. ಅಳೋದೇ ಇಲ್ಲ.”

“ಹಾಗಾದ್ರೆ ತಾಯಿ ಪುಣ್ಯ ಮಾಡಿದ್ಲು ಬಿಡಿ! ನನ್ನ ಮೊಮ್ಮಗ ಬಾಯಿ ತೆಗೆದ್ರೆ ಇಡೀ ಬೀದಿ ಎದ್ದು ಕೂರುತ್ತೆ.” ಹೆಂಗಸು ಮನಸಾರೆ ನಕ್ಕು ಹತ್ತಿರ ಸರಿದಳು. “ಹೆಸರೇನಿಟ್ರು?”

ಅವಳು ಬಾಯಿ ತೆರೆದಳು. ಅವಳು ಇಳಿಯಬೇಕಾದ ನಿಲ್ದಾಣ ಬಂತು, ಹೋಯಿತು. ಬಸ್ಸು ಆಸ್ಪತ್ರೆಯ ಕಡೆಗೆ ತಿರುಗಿಕೊಂಡಿತು.

ಹೆಂಗಸು ಉತ್ತರಕ್ಕೆ ಕಾಯುತ್ತಲೇ, ಗಾಳಿಗೆ ಬಾಡಿಬಿಡುತ್ತವೆ ಎಂದು, ಅವಳ ಮಡಿಲಲ್ಲಿದ್ದ ಗೊಂಚಲಿನ ಕಾಗದವನ್ನು ಮೇಲಕ್ಕೆಳೆದು ಹೂಗಳ ಮುಖ ಮುಚ್ಚಿ, ಅಂಚನ್ನು ಒಪ್ಪವಾಗಿ ಒಳಗೆ ಮಡಿಸಿದಳು.