ಕಡಲ ಕಡೆಯ ಸಾಲು

ಮಠದ ಬಟ್ಟೆ ಒಗೆಯುತ್ತಿದ್ದ ಕಲ್ಲು ಇಗರ್ಜಿಯ ಗೋಡೆಗೆ ತಾಗಿಕೊಂಡೇ ಇತ್ತು, ಗುಡ್ಡದ ಕಡೆಗೆ. ಆಚೆ ಕಡೆಯ ಗೋಡೆಯ ಬುಡಕ್ಕೆ ಕಡಲು ಬಂದು ಬಡಿಯುತ್ತಿತ್ತು. ಒಳಗೆ ಸನ್ಯಾಸಿಗಳು ಎರಡು ಸಾಲಾಗಿ ಎದುರುಬದುರು ನಿಂತು ಕೀರ್ತನೆ ಹಾಡುತ್ತಿದ್ದರು. ಪ್ರತಿ ನುಡಿಯಲ್ಲೂ ಮೊದಲರ್ಧ ಗುಡ್ಡದ ಕಡೆಯ ಸಾಲಿನವರದ್ದು, ಉಳಿದರ್ಧ ಕಡಲ ಕಡೆಯ ಸಾಲಿನವರದ್ದು. ಗುಡ್ಡದ ಕಡೆಯವರ ದನಿ ಕಿಟಕಿಯಿಂದ ನೇರ ನನ್ನ ತಲೆಯ ಮೇಲೆ ಬೀಳುತ್ತಿತ್ತು. ಆ ಕಡೆಯವರ ದನಿಯನ್ನು ಅಲೆ ನುಂಗಿಬಿಡುತ್ತಿತ್ತು. ಬೂದಿನೀರಿನಲ್ಲಿ ಕೈ ಅದ್ದಿಕೊಂಡು ಕೇಳಿ ಕೇಳಿ ನನಗೆ ಕೀರ್ತನೆಗಳೆಲ್ಲ ಬಾಯಿಗೆ ಬಂದವು. ಬಂದದ್ದು ಅರ್ಧರ್ಧವೇ.

ಅದು ಲ್ಯಾಟಿನ್ ಮಾತು. ಅರ್ಥ ನನಗೆ ತಿಳಿಯದು. ಆದರೆ ಕೇಳಿ ಉಳಿಸಿಕೊಳ್ಳುವುದು ನಮ್ಮ ಮನೆಯ ಅಭ್ಯಾಸ. ನಮ್ಮಪ್ಪ ಚಳಿಗಾಲವಿಡೀ ಒಲೆಯ ಮುಂದೆ ಕೂತು ಕುಲದ ಹಿರಿಯರ ಹೆಸರುಗಳನ್ನು ಪದ್ಯವಾಗಿ ಹೇಳುತ್ತಿದ್ದ. ನಾವು ಮಕ್ಕಳು ಒಂದು ಹೆಸರು ತಪ್ಪಿಸಿದರೂ ಮತ್ತೆ ಮೊದಲಿನಿಂದ ಹೇಳಬೇಕಿತ್ತು. ಗಂಡನನ್ನು ಕಡಲು ತೆಗೆದುಕೊಂಡ ಮೇಲೆ ನಾನು ಮಠದ ಬೇಲಿಯ ಹೊರಗೆ ಗುಡಿಸಲು ಹಾಕಿಕೊಂಡು ಬಟ್ಟೆ ಒಗೆಯುವ ಕೆಲಸ ಹಿಡಿದೆ. ಆಮೇಲೆ ಮನೆಯ ಪದ್ಯಗಳ ಜಾಗಕ್ಕೆ ಈ ಕೀರ್ತನೆಗಳು ಬಂದವು.

ಬಟ್ಟೆಬರೆಯ ಉಸ್ತುವಾರಿ ಫಾಲ್ವೆ ಸ್ವಾಮಿಗಳದ್ದು. ಒಂದು ದಿನ ಅವರು ನಾನು ಗುನುಗುವುದನ್ನು ಕೇಳಿಸಿಕೊಂಡರು.

"ಏನಮ್ಮ ರೋನತ್, ಬಟ್ಟೇನೂ ಒಗೀತೀಯ, ಕೀರ್ತನೇನೂ ಕದೀತೀಯ!"

"ಅರ್ಧ ತಾನೇ ಸ್ವಾಮಿ ನಾನು ಕದ್ದಿದ್ದು. ಇನ್ನರ್ಧ ಕಡಲು ಕದ್ದುಕೊಂಡು ಹೋಯ್ತು."

ಅವರು ನಕ್ಕರು. ಪೂರ್ತಿ ಕಲಿಸುತ್ತೇನೆ ಅಂದರು. ಹಾಗೆಯೇ ಮಾತಿಗೆ ಮಾತು ಬಂದು, ತಮ್ಮಲ್ಲಿ ಯಾರಾದರೂ ತೀರಿಕೊಂಡರೆ ಹೇಗೆ ಕಳಿಸಿಕೊಡುತ್ತಾರೆ ಎಂದೂ ಹೇಳಿದರು. ಸತ್ತವರನ್ನು ಎರಡು ಸಾಲಿನ ನಡುವೆ ಮಲಗಿಸಿ ಕೀರ್ತನೆಗಳಷ್ಟನ್ನೂ ಹಾಡುತ್ತಾರಂತೆ.

"ಈ ಕಡೆಯವರು ಕೊಡ್ತಾರೆ, ಆ ಕಡೆಯವರು ತಗೋತಾರೆ. ಹಂಗೆ ಕೈಯಿಂದ ಕೈಗೆ ದಾಟಿಸಬೇಕು ಕಣಮ್ಮ. ಒಂದೇ ಕಡೆ ಹಿಡಿದು ಎತ್ತಿದ್ರೆ ಹೊರೆ ಮೇಲೇಳುತ್ತಾ?"

ಕಲಿಸುವ ಕಾಲ ಬರಲಿಲ್ಲ. ನಾರ್ವೆಯ ಕಡೆಯಿಂದ ಉದ್ದ ದೋಣಿಗಳಲ್ಲಿ ಬರುವವರನ್ನು ನಾವು ಬಡಗಣದವರು ಅನ್ನುತ್ತೇವೆ. ಐರ್ಲೆಂಡಿನ ದಡದ ಬೇರೆ ಮಠಗಳಿಗೆ ಅವರು ಬಂದು ಹೋದ ಸುದ್ದಿ ನಮ್ಮ ದ್ವೀಪಕ್ಕೂ ಮುಟ್ಟಿತ್ತು. ಅವರು ಬಂದ ದಿನ ನಾನು ಒಲೆಗೆಂದು ಒಣ ಸೊಪ್ಪು ತರಲು ಗುಡ್ಡದ ಆಚೆ ಹೋಗಿದ್ದೆ. ತಿರುಗಿ ಬರುವಾಗ ಹೊಗೆ ಕಾಣಿಸಿತು. ಇಗರ್ಜಿಯ ಚಾವಣಿ ಒಳಕ್ಕೆ ಕುಸಿದಿತ್ತು. ನಾನು ಬೆಳಿಗ್ಗೆ ಒಣಹಾಕಿದ್ದ ನಿಲುವಂಗಿಗಳು ಹಗ್ಗದ ಮೇಲೆ ಹಾಗೇ ಆಡುತ್ತಿದ್ದವು. ಅವುಗಳನ್ನು ತೊಡಬೇಕಾದವರು ಅಂಗಳದಲ್ಲಿ ಬಿದ್ದಿದ್ದರು, ಹನ್ನೊಂದು ಜನ. ಫಾಲ್ವೆ ಸ್ವಾಮಿಗಳು ಬಾಗಿಲ ಹತ್ತಿರ. ಮಠದಲ್ಲಿ ಕಲಿಯುತ್ತಿದ್ದ ಹುಡುಗರಲ್ಲಿ ಒಬ್ಬನೂ ಇರಲಿಲ್ಲ. ಅವರನ್ನು ಮಾರಲು ಹಿಡಿದುಕೊಂಡು ಹೋಗಿದ್ದರು. ಮೂವರು ಸನ್ಯಾಸಿಗಳು ಸಂತರ ಮೂಳೆಗಳಿದ್ದ ಪೆಟ್ಟಿಗೆಯನ್ನು ದೋಣಿಗೆ ಹಾಕಿಕೊಂಡು ಐರ್ಲೆಂಡಿನ ದೊಡ್ಡ ನೆಲದ ಕಡೆ ತಪ್ಪಿಸಿಕೊಂಡಿದ್ದರು. ಅವರು ಮತ್ತೆ ಬರಲಿಲ್ಲ.

ಇಬ್ಬರು ಬೆಸ್ತರ ಜೊತೆ ಸೇರಿ ಮರಳುದಿಬ್ಬದಲ್ಲಿ ನಾನೇ ಅವರನ್ನು ಮಣ್ಣು ಮಾಡಿದೆ. ಒಂದೇ ಉದ್ದ ಗುಂಡಿ. ಅದರ ತುದಿಯಲ್ಲಿ ನಿಂತು ಕೀರ್ತನೆ ಎತ್ತಿದೆ. ಅರ್ಧಕ್ಕೆ ನಿಂತೆ.

"ಮುಂದೆ?" ಅಂದ ಒಬ್ಬ ಬೆಸ್ತ.

"ಮುಂದಿನದು ನನಗೆ ಬರಲ್ಲಪ್ಪ."

ಅವನು ಟೊಪ್ಪಿಗೆ ಕೈಯಲ್ಲಿ ಹಿಡಿದುಕೊಂಡು ಇನ್ನಷ್ಟು ಹೊತ್ತು ನಿಂತಿದ್ದ. ಆಮೇಲೆ ಬೆಸ್ತರೂ ದ್ವೀಪ ಬಿಟ್ಟರು. ನಾನು ಉಳಿದೆ. ದಾಟದೆ ನಡುವೆ ಮಲಗಿದವರನ್ನು ಅಲ್ಲೇ ಬಿಟ್ಟು ಹೋಗುವುದು ಹೇಗೆ?

ಅಂದಿನಿಂದ ದಿನಾ ಸಂಜೆ ದಿಬ್ಬಕ್ಕೆ ಹೋಗಿ ಒಂದು ಕೀರ್ತನೆ ಹಾಡುತ್ತಿದ್ದೆ. ನನ್ನ ಅರ್ಧ ಹಾಡಿ, ಎದುರಿನವರ ಅರ್ಧಕ್ಕೆ ಬೇಕಾಗುವಷ್ಟು ಹೊತ್ತು ಸುಮ್ಮನಿದ್ದು, ಮತ್ತೆ ನನ್ನ ಅರ್ಧ. ಬೆಳಿಗ್ಗೆ ಹೋಗಿ ಮಾತಾಡಿಸುತ್ತಿದ್ದೆ. ಗಾಳಿ ಯಾವ ಕಡೆಯಿಂದ ಬೀಸುತ್ತಿದೆ, ಮೊಟ್ಟೆ ಎಲ್ಲಿ ಸಿಕ್ಕಿತು, ಇಂಥವೇ. ಒಮ್ಮೆ ದೊಡ್ಡ ನೆಲದಿಂದ ಪಾದ್ರಿಯೊಬ್ಬರು ಬಂದರು. ನನ್ನ ಅಳಲು ಕೇಳಿ, "ದೇವರು ಎಲ್ಲಿಂದ ಕೇಳಿದ್ರೂ ಕೇಳ್ತಾನಮ್ಮ, ನಾವು ಅಲ್ಲಿಂದಲೇ ಅವರಿಗೋಸ್ಕರ ಬೇಡ್ತೀವಿ" ಎಂದು ಸಮಾಧಾನ ಹೇಳಿದರು. ಒಳ್ಳೆಯವರು. ಆದರೆ ಅವರ ಕಡೆ ಸಾಲು ನಿಲ್ಲುವ ಪದ್ಧತಿಯಿಲ್ಲ. ಒಬ್ಬರು ಓದುತ್ತಾರೆ, ಉಳಿದವರು ಕೇಳುತ್ತಾರೆ. ಉಳಿದರ್ಧ ಕಲಿಸಿ ಎಂದು ನಾನು ಕೇಳುವ ಮೊದಲೇ ದೋಣಿಗೆ ಹೊತ್ತಾಯಿತೆಂದು ಹೊರಟುಹೋದರು. ನನ್ನ ಹನ್ನೊಂದು ಜನ ನಡುವೆಯೇ ಉಳಿದರು.

ಕೆಲವು ವರ್ಷಗಳ ಮೇಲೆ ಬಡಗಣದವರು ಮತ್ತೆ ಬಂದರು. ಈ ಸಲ ಕುರಿ, ಹೆಂಡತಿ, ಮಡಕೆಕುಡಿಕೆ ಸಮೇತ. ಓನುಂಡ್ ಎಂಬವನು ಪೂರ್ವದ ಕೊಲ್ಲಿಯಲ್ಲಿ ಮನೆ ಕಟ್ಟಿದ. ಅವನ ಹೆಂಡತಿ ಗ್ರೋ. ಮೊದಲ ವರ್ಷ ನಾನು ಅವಳ ಮುಖ ನೋಡಲಿಲ್ಲ. ಎರಡನೆಯ ವರ್ಷ ಅವಳ ಹೆರಿಗೆ ಕಷ್ಟವಾಗಿ, ಓನುಂಡ್ ನನ್ನ ಬಾಗಿಲಲ್ಲಿ ಬಂದು ನಿಂತ. ಮಾತು ಬಾರದೆ ಕೈಯಲ್ಲಿ ಹೊಟ್ಟೆ ತೋರಿಸಿ ಅತ್ತ. ಹೋದೆ. ಮಗು ಬದುಕಿತು. ಆಮೇಲೆ ಬೆಣ್ಣೆ ಬಂತು, ಉಣ್ಣೆ ಬಂತು, ಅವರ ಮಾತೂ ನನ್ನ ನಾಲಿಗೆಗೆ ಬಂತು. ಅವರ ಮಕ್ಕಳು ಈಗ ಮೀನಿಗೆ ನಮ್ಮ ಹೆಸರು ಹೇಳುತ್ತಾರೆ, ದೋಣಿಗೆ ತಮ್ಮದು. ದೊಡ್ಡವಳು ಕೊರಳಲ್ಲಿ ಅವರ ದೇವರ ಸುತ್ತಿಗೆಯನ್ನೂ ನಾನು ಕೊಟ್ಟ ಶಿಲುಬೆಯನ್ನೂ ಒಂದೇ ದಾರಕ್ಕೆ ಪೋಣಿಸಿಕೊಂಡಿದ್ದಾಳೆ.

"ದಿನಾ ಮರಳಿನ ಜೊತೆ ಏನೇ ಮಾತಾಡ್ತೀಯ? ಅದು ತಿರುಗಿ ಬೈಯುತ್ತಾ?" ಅನ್ನುತ್ತಾಳೆ ಗ್ರೋ.

"ನಿನಗಿಂತ ಕಡಿಮೆ ಬೈಯುತ್ತೆ."

ಹೀಗೆ ಇಪ್ಪತ್ತು ವರ್ಷದ ಮೇಲಾಯಿತು.

ಈ ಬೇಸಿಗೆಯಲ್ಲಿ ಉಣ್ಣೆ ಕೊಳ್ಳಲು ಡಬ್ಲಿನ್ ಬಂದರಿನಿಂದ ಒಂದು ಹಡಗು ಬಂತು. ಆ ಸಂಜೆ ದಿಬ್ಬದಲ್ಲಿ ನಾನು ಕೀರ್ತನೆ ಎತ್ತಿದ್ದೆ. ಎರಡನೆಯ ನುಡಿಗೆ ನನ್ನ ದನಿಯ ಜೊತೆ ಬೆನ್ನ ಹಿಂದಿನಿಂದ ಇನ್ನೊಂದು ದನಿ ಸೇರಿತು, ಗಂಡು ದನಿ. ನಾನು ನಿಲ್ಲಿಸುವ ಕಡೆ ಅದೂ ನಿಂತಿತು.

ತಿರುಗಿದೆ. ನೀರಿನ ಪೀಪಾಯಿ ಹೊತ್ತ ಒಬ್ಬ ನಾವಿಕ. ಕೆಂಚು ಗಡ್ಡ, ಬಡಗಣದವರ ಟೊಪ್ಪಿಗೆ, ಕೊರಳಲ್ಲಿ ಸುತ್ತಿಗೆ.

"ಬಟ್ಟೆ ಒಗೆಯೋ ಅವ್ವ ಅಲ್ವಾ ನೀನು?" ಅಂದ, ನಮ್ಮ ಮಾತಿನಲ್ಲೇ, ಮಗು ಮಾತಾಡುವ ಹಾಗೆ. "ಅಂಗಿ ಮೊಣಕೈ ಹರ್ಕೊಂಡು ಬರ್ತೀಯ ಅಂತ ನನ್ನ ಕಿವಿ ಹಿಂಡಿದ್ದೆ. ಕೊಲ್ಕು ನಾನು."

ಮಠದ ಹುಡುಗ ಕೊಲ್ಕು. ಹಿಡಿದುಕೊಂಡು ಹೋದವರಲ್ಲಿ ಎಲ್ಲರಿಗಿಂತ ಚಿಕ್ಕವನು. ನಾನು ಅವನ ಎರಡು ತೋಳನ್ನೂ ಹಿಡಿದುಕೊಂಡೆ. ಅಳಬೇಕಿತ್ತು, ಬದುಕಿದೆಯಲ್ಲೋ ಮಗನೇ ಅನ್ನಬೇಕಿತ್ತು. ಬಾಯಿಂದ ಬಂದದ್ದು ಬೇರೆ.

"ಮುಂದಿನದು ಹೇಳು! ಎದುರು ಸಾಲಿನದು!"

"ಅದು ನಂಗೊತ್ತಿಲ್ಲ ಅವ್ವ. ನಾನು ಗುಡ್ಡದ ಕಡೆ ಸಾಲಲ್ಲಿ ನಿಲ್ತಿದ್ದೆ."

"ಅವರು ಹಾಡೋವಾಗ ನಿನ್ನ ಕಿವಿ ಎಲ್ಲಿಗೆ ಹೋಗಿತ್ತೋ?"

"ಪಕ್ಕದವನ್ನ ಚಿವುಟ್ತಾ ಇದ್ದೆ. ಮೊದಲ ವರ್ಷ ನಿಮ್ಮ ಸಾಲಿನದು ಕಲೀರಿ, ಮುಂದಿನ ವರ್ಷ ಆ ಕಡೆ ನಿಲ್ಲಿಸ್ತೀವಿ ಅಂದಿದ್ರು." ಪೀಪಾಯಿ ಕೆಳಗಿಟ್ಟ. "ಮುಂದಿನ ವರ್ಷ ನಾನು ನಾರ್ವೇಲಿ ಕೊಟ್ಟಿಗೆ ಗುಡಿಸ್ತಿದ್ದೆ."

ಮರಳಿನ ಮೇಲೆ ಕೂತುಬಿಟ್ಟೆ. ಇಷ್ಟು ವರ್ಷದ ಮೇಲೆ ಒಬ್ಬ ಬಂದ. ಅವನ ಹತ್ತಿರವೂ ನನ್ನದೇ ಅರ್ಧ. ಅವನಿಗೆ ಹನ್ನೊಂದು ಜನರ ವಿಷಯ ಹೇಳಿದೆ, ಅವರು ದಾಟದೆ ಉಳಿದಿರುವುದನ್ನು ಹೇಳಿದೆ. ಅವನೂ ನನ್ನ ಪಕ್ಕದಲ್ಲಿ ಕೂತ.

"ನಾನೂ ದಿನಾ ಹಾಡ್ತಿದ್ದೆ ಅವ್ವ. ಕೊಟ್ಟಿಗೇಲಿ, ಹಸುಗಳ ಹತ್ರ. ಅರ್ಧಕ್ಕೆ ನಿಲ್ಸಿದ್ರೆ ಆ ಸುಮ್ಮನಿರೋದಿದೆಯಲ್ಲ, ಅದನ್ನ ತಡ್ಕೊಳ್ಳೋಕಾಗ್ತಿರ್ಲಿಲ್ಲ. ಅದಕ್ಕೇ ಅಲ್ಲಿಗೆ ನಾನೇ ಏನೇನೋ ಸೇರಿಸ್ದೆ."

"ಏನು ಸೇರಿಸ್ದೆ?"

ಅವನು ಹಾಡಿದ. ರಾಗ ಅದೇ. ಮಾತು ಮಾತ್ರ ಬಡಗಣದವರದ್ದು. ಗ್ರೋ ದೆಸೆಯಿಂದ ನನಗೆ ಅರ್ಥವಾಯಿತು. ಹಸುವಿಗೆ ಹುಲ್ಲು ಹಾಕಿದೆ. ಕಂದು ಹಸು ಒದೆಯಿತು. ಇವತ್ತೂ ಯಾರೂ ಬರಲಿಲ್ಲ. ಇಷ್ಟೇ.

ನನಗೆ ಮೈಯೆಲ್ಲ ಉರಿಯಿತು. "ಸಾಕು ನಿಲ್ಸು! ಇವರ ತಲೆ ಮೇಲೆ ಆ ಮಾತಲ್ಲಿ ಹಾಡ್ತೀಯೇನೋ? ಆ ಮಾತು ಕಿವಿಗೆ ಬೀಳ್ತಿರೋವಾಗ್ಲೇ ಸತ್ತವರು ಕಣೋ ಇವರು!"

"ನನಗೆ ಇನ್ಯಾವ ಮಾತಿದೆ? ಬೈದ್ರೆ ಅದರಲ್ಲೇ, ಬೇಡಿದ್ರೆ ಅದರಲ್ಲೇ. ಕನಸಲ್ಲಿ ನಮ್ಮಮ್ಮ ಬಂದ್ರೂ ಅದರಲ್ಲೇ ಮಾತಾಡ್ತಾಳೆ."

"ಹೋಗು ಇಲ್ಲಿಂದ."

ಪೀಪಾಯಿ ಹೊತ್ತುಕೊಂಡು ಇಳಿದುಹೋದ. ಕೆಳಗೆ ಹಡಗಿನ ಹತ್ತಿರ ಒಂದು ಕಲ್ಲಿನ ಮೇಲೆ, ಉಳಿದವರಿಂದ ದೂರ ಕೂತದ್ದು ಕಾಣಿಸುತ್ತಿತ್ತು.

ನಾನು ದಿಬ್ಬದಲ್ಲೇ ಉಳಿದೆ. ಫಾಲ್ವೆ ಸ್ವಾಮಿಗಳನ್ನು ಕೇಳೋಣವೆಂದು ಅವರ ಮುಖ ನೆನೆಸಿಕೊಂಡೆ. ಬರಲಿಲ್ಲ. ತೋಳಿನ ಹತ್ತಿರ ಸದಾ ಮೇಣದ ಕಲೆಯಾಗುತ್ತಿದ್ದ ಅವರ ನಿಲುವಂಗಿ ನೆನಪಿಗೆ ಬಂತು, ಮುಖವಿಲ್ಲ. ಮುಖ ನೋಡುತ್ತಾ ನಾನು ಎಲ್ಲಿ ನಿಂತಿದ್ದೆ? ಗೋಡೆಯ ಹೊರಗೆ ನಿಂತವಳು ನಾನು. ಒಂದು ದಿನವೂ ಆ ಸಾಲಿನಲ್ಲಿ ನಿಂತವಳಲ್ಲ. ಕೊಲ್ಕು ನಿಂತಿದ್ದ. ಸಾಲಿಗೆ ಸೇರಿಸುವಾಗ ಅವನ ತಲೆಯನ್ನು ಅವರೇ ಕೈಯಾರೆ ಬೋಳಿಸಿದ್ದರು, ಮುಂದಿನ ವರ್ಷ ಆ ಕಡೆ ನಿಲ್ಲಿಸುತ್ತೇವೆಂದು ಮಾತು ಕೊಟ್ಟಿದ್ದರು. ಹೊರಗಿನಿಂದ ಕದ್ದ ನನ್ನ ಅರ್ಧವನ್ನು ದೇವರು ಒಪ್ಪುವುದಾದರೆ, ಅವನ ಅರ್ಧವನ್ನು ಬೇಡವೆನ್ನಲು ನಾನು ಯಾರು? ಅದು ಬಡಗಣದವರ ಮಾತೇ ಇರಬಹುದು. ಅದರಲ್ಲಿ ಕೂಗಿ ಕರೆದವನು ಇವರ ಹುಡುಗ.

ಇಳಿದು ಹೋದೆ. ಅವನು ಎದ್ದು ನಿಂತ.

"ಕಡಲ ಕಡೆ ನಿಲ್ತೀಯಾ?" ಅಂದೆ.

ಸಮಾಧಿಯ ಆ ಬದಿಗೆ ಅವನು, ಈ ಬದಿಗೆ ನಾನು. ಟೊಪ್ಪಿಗೆ ತೆಗೆದ. ಅವನಿಗೆ ಆಗಲೇ ನೆತ್ತಿ ಬೋಳಾಗಿತ್ತು. ನಾನು ಮೊದಲ ಕೀರ್ತನೆಯ ಮೊದಲರ್ಧ ಎತ್ತಿದೆ. ಅವನಿಗೂ ಅದೇ ಅಭ್ಯಾಸವಾದ್ದರಿಂದ ತುಟಿ ಅಲ್ಲಾಡುತ್ತಿತ್ತು. ದನಿ ಮಾತ್ರ ಬಿಡಲಿಲ್ಲ, ಎದುರು ಸಾಲಿನವನ ಹಾಗೆ ಕಾದ. ನಾನು ನಿಲ್ಲಿಸಿದೆ, ಅವನು ಎತ್ತಿಕೊಂಡ. ಹುಲ್ಲು, ಹಾಲು, ಹಿಮ, ಗುರುತಿಲ್ಲದೆ ಹೂತ ಗೆಳೆಯ, ಯಜಮಾನನ ಕೋಲು, ಬಿಡುಗಡೆಯ ದಿನ, ಮತ್ತೆ ಹಸು. ಕೆಲವು ಕಡೆ ಅವನ ಹತ್ತಿರ ಮಾತೇ ಇರಲಿಲ್ಲ. ಸುಮ್ಮನೆ ರಾಗ ಹಿಡಿದ. ಒಂದು ಕಡೆ ಅವನು ಹೇಳಿದ್ದು ಕೇಳಿ ನಗು ತಡೆಯಲಾಗದೆ ನಾನು ಮತ್ತೆ ಶುರುಮಾಡಬೇಕಾಯಿತು. ಎಷ್ಟು ಹೊತ್ತಾಯಿತೋ. ಬೇಸಿಗೆಯ ಬೆಳಕು ನಮ್ಮಲ್ಲಿ ಬೇಗ ಹೋಗುವುದಿಲ್ಲ. ಕೊನೆಯ ಕೀರ್ತನೆಯ ಕೊನೆಯ ನುಡಿಯನ್ನು ನಾನು ಕೊಟ್ಟೆ, ಅವನು ತೆಗೆದುಕೊಂಡ. ಇಬ್ಬರೂ ಒಬ್ಬರಿಗೊಬ್ಬರು ತಲೆಬಾಗಿದೆವು. ಹಾಗೆ ಬಾಗುತ್ತಾರೆಂದು ಅವನೇ ತೋರಿಸಿಕೊಟ್ಟದ್ದು.

"ಹೋದ್ರಾ ಅವ್ವ?" ಅಂದ.

"ಹೋಗಿರ್ಬೇಕು ಮಗ."

ಬೆಳಗಾಗುವಾಗ ಗಾಳಿ ತಿರುಗಿತು, ಹಡಗಿನವರು ಕೂಗಿದರು. ಡಬ್ಲಿನ್‌ನಲ್ಲಿ ಅವನಿಗೆ ಹೆಂಡತಿ, ಎರಡು ಮಕ್ಕಳು. ಹಡಗು ಹತ್ತುವ ಮುಂಚೆ ನನ್ನ ಕೈ ಹಿಡಿದುಕೊಂಡ.

"ನೀನೂ ಬಂದ್ಬಿಡು. ನಮ್ಮನೇಲಿ ಒಲೆ ಹತ್ರ ಜಾಗ ಇದೆ. ನನ್ನ ಹೆಂಡ್ತಿ ಬೈತಾಳೆ, ಆದ್ರೆ ಚೆನ್ನಾಗಿ ಉಣ್ಣೋಕೆ ಇಕ್ತಾಳೆ."

"ಇವರನ್ನೆಲ್ಲ ಬಿಟ್ಟು ಹೆಂಗಪ್ಪಾ ಬರ್ಲಿ?" ಅಂದೆ.

ಅವನು ದಿಬ್ಬದ ಕಡೆ ನೋಡಿದ, ನನ್ನ ಕಡೆ ನೋಡಿದ. ಹಡಗು ಹೋಯಿತು. ಭೂಶಿರದ ಆಚೆ ಹಾಯಿ ಮರೆಯಾಗುವವರೆಗೂ, ದಾಟಿ ಹೋದವರನ್ನೇ ಬಿಟ್ಟು ಬರಲಾರೆ ಅಂದೆನೆಂದು ನನಗೆ ಹೊಳೆಯಲೇ ಇಲ್ಲ.

ಮಾರನೆಯ ದಿನ ಬೆಳಿಗ್ಗೆ ಎಂದಿನಂತೆ ಮೇಲೆ ಹೋದೆ. ಗ್ರೋ ಮನೆಯ ಕುಂಟ ಕುರಿ ಅಷ್ಟು ತಡವಾಗಿ ಮರಿ ಹಾಕಿತ್ತು, ಎರಡು. ಆ ಸುದ್ದಿ ಹೇಳಬೇಕೆಂದುಕೊಂಡೇ ದಿಬ್ಬ ಹತ್ತಿದ್ದೆ. ಬಾಯಿ ತೆರೆದೆ. ಎದುರಿಗೆ ಮರಳು, ಹುಲ್ಲು. ಇಷ್ಟು ವರ್ಷ ಅಲ್ಲಿ ಯಾರೋ ಕೇಳಿಸಿಕೊಳ್ಳುತ್ತಿದ್ದರು. ಅದು ನನಗೆ ಹೇಗೆ ಗೊತ್ತೆಂದು ಕೇಳಿದರೆ ಹೇಳಲಾರೆ, ಈಗ ಇಲ್ಲವೆಂದು ಗೊತ್ತಾದ ಹಾಗೆಯೇ ಗೊತ್ತು. ನಾನು ಬೇಡಿದ್ದು ಇದನ್ನೇ. ಕೊಟ್ಟದ್ದಕ್ಕೆ ದೇವರಿಗೆ ಕೈ ಮುಗಿದೆ.

ಆಮೇಲೆ ಎಲ್ಲಿಗೆ ಹೋಗಬೇಕೆಂದು ತಿಳಿಯದೆ, ಬಿಸಿಲು ಬೆನ್ನಿಗೆ ಬರುವ ತನಕ ಅಲ್ಲೇ ನಿಂತಿದ್ದೆ.